ಹೂವಿಗೊಂದು ಮುಖ

ದಿಬ್ಬ ಹಾರಿದ ಗಾಡಿ ಮತ್ತೆ ನೆಲಕ್ಕೆ ಬಡಿಯುವವರೆಗೆ ಗುರುಸಿದ್ದ ಕಾಕಾ ಉಸಿರು ಬಿಡುತ್ತಿರಲಿಲ್ಲ. ಕ್ಯಾಮೆರಾ ಕಣ್ಣಿಗೊತ್ತಿಕೊಂಡು, ಕುತ್ತಿಗೆಯ ನರ ಉಬ್ಬಿಸಿಕೊಂಡು ನಿಂತಿರುತ್ತಿದ್ದರು. "ಯಾಕ್ರಿ ಕಾಕಾ, ನೀರಾಗ ಮುಳುಗೀರೇನು?" ಎಂದು ನಾನು ಕಾಡಿದರೆ, "ಅಂವ ಮ್ಯಾಲ ಇರೂತನಕ ಅಂವನ ಜೀವ ನನ್ನ ಕೈಯಾಗ ಇರತೈತಿ ತಂಗಿ. ಉಸರ ಬಿಟ್ಟರ ಕೈ ಜಾರತೈತಿ" ಅನ್ನುತ್ತಿದ್ದರು. ನಗುತ್ತ ಹೇಳಿದ್ದರೆ ತಮಾಷೆ ಎಂದುಕೊಳ್ಳಬಹುದಿತ್ತು. ಕಾಕಾ ನಗುತ್ತಿರಲಿಲ್ಲ.

ಗಬ್ಬೂರ ಬೈಪಾಸಿನಾಚೆಯ ಬರಡು ಮಡ್ಡಿಯಲ್ಲಿ ತಾರಿಹಾಳದ ಮೆಕ್ಯಾನಿಕರು ಹಳೆಯ ಮೋಟರ್‌ಸೈಕಲ್ಲುಗಳ ರೇಸು ನಡೆಸುತ್ತಾರೆ. ಗುಜರಿಗೆ ಹೋಗಬೇಕಾದ ಅಜ್ಜನ ಕಾಲದ ಗಾಡಿಗಳನ್ನು ಬಿಚ್ಚಿ ಜೋಡಿಸಿ, ಕಲ್ಲು, ತಗ್ಗು, ದಿಬ್ಬ ಎನ್ನದೆ ಓಡಿಸುವ ಹುಚ್ಚು. ಕಾಕಾ ಅದರ ಫೋಟೋ ತೆಗೆದು ದಸರೆಗೆ ಶುಭಾಶಯದ ಕಾರ್ಡು ಮಾಡುತ್ತಿದ್ದರು. ಬೆಂಗೇರಿಯಲ್ಲಿ ಅವರ ಸ್ಟುಡಿಯೋ, ಮಗ್ಗುಲಲ್ಲೇ ನನ್ನ ಡಿಟಿಪಿ ಅಂಗಡಿ. ಕಾರ್ಡಿನ ಅಕ್ಷರ ಕೂಡಿಸುವುದು ನನ್ನ ಪಾಲು. ಈಗ ಕಾರ್ಡು ಯಾರಿಗೆ ಬೇಕು ಎಂದರೆ, "ಫೋನಿನ್ಯಾಗ ಬನ್ನಿ ಎಲಿ ಇಟ್ಟು ಕೊಡಾಕ ಬರತೈತೇನು?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ಕಾರ್ಡಿನ ಮಡಿಕೆಯಲ್ಲಿ ಬನ್ನಿ ಎಲೆ ಇಟ್ಟು, "ಬಂಗಾರದಂಗ ಇರೂಣ" ಎನ್ನುತ್ತ ಮನೆಮನೆಗೆ ಕೊಟ್ಟು ಬರುತ್ತಿದ್ದರು. ಕೆಸರು ಮೆತ್ತಿದ ಸವಾರನನ್ನು ನೋಡಿ ಓಣಿಯ ಮುದುಕಿಯೊಬ್ಬಳು, "ಇದು ಯಾವ ದೇವರ ವಾಹನಾ?" ಎಂದು ಕಣ್ಣಿಗೊತ್ತಿಕೊಂಡಿದ್ದಳು.

ಹೋದ ವರ್ಷ ಕಾರ್ಡಿಗೆ ಆರಿಸಿದ್ದು ನನ್ನ ತಮ್ಮ ಬಸುವಿನ ಫೋಟೋ. ಗಾಡಿಯ ಎರಡೂ ಗಾಲಿ ಗಾಳಿಯಲ್ಲಿ, ಮೇಲೆ ಇವನು ಹಲ್ಲು ಕಿರಿದುಕೊಂಡು. ಮದುವೆ ಗೊತ್ತಾಗಿತ್ತಲ್ಲ, ಕಿರಿಯದೆ ಏನು ಮಾಡುತ್ತಾನೆ!

ಆಯುಧಗಳಿಗೆ ಪೂಜೆ ಮಾಡುವ ಖಂಡೆ ಪೂಜೆಯ ದಿನ ಕಾಕಾ ಸ್ಟುಡಿಯೋದ ಕ್ಯಾಮೆರಾ, ಲೈಟು, ಕತ್ತರಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಹಿಂದೆ ಬಸುವಿನ ಫೋಟೋ ಫ್ರೇಮಿನಲ್ಲಿ ನಿಂತಿತ್ತು. ಕಾಕಾನ ಹೆಂಡತಿ ನೀಲಮ್ಮ ಕಾಕಿ ಒಂದೊಂದಕ್ಕೂ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕುತ್ತ ಬಂದವರು, ಕೈಯ ಓಟದಲ್ಲಿ ಅದಕ್ಕೂ ಕುಂಕುಮ ಹಚ್ಚಿ ಮಾಲೆ ಹಾಕಿಬಿಟ್ಟರು. ಬದುಕಿರುವವನ ಫೋಟೋಕ್ಕೆ ಹೂವಿನ ಮಾಲೆ!

"ಅಯ್ಯ ಶಿವನ! ಗಾಡಿ ಕಂಡಿತ್ತವಾ, ಹುಡುಗ ಕಾಣಲಿಲ್ಲ" ಎಂದು ಕಾಕಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು.

ಮಾಲೆ ತೆಗೆಯಲು ಕೈ ಚಾಚಿದೆ. ಕಾಕಾ ತಡೆದರು. "ಮುಟ್ಟಬ್ಯಾಡ. ಏರಿಸಿದ ಹೂ ಸುಮ್ಮನ ಇಳಸಬಾರದು. ಅದಕ್ಕೊಂದು ಮುಖ ಬೇಕು."

ಗೋಡೆಯ ಮೇಲಿದ್ದ ತಮ್ಮದೇ ಮದುವೆಯ ಫೋಟೋ ಇಳಿಸಿದರು. ನೋಡಿದರು. "ಇದರಾಗ ಆಕಿನೂ ಅದಾಳ" ಎಂದು ಮತ್ತೆ ಮೊಳೆಗೆ ಸಿಕ್ಕಿಸಿದರು. ಆಮೇಲೆ ಡ್ರಾವರಿನಿಂದ ತಮ್ಮದೊಂದು ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದು, ಕ್ಯಾಮೆರಾಕ್ಕೆ ಆನಿಸಿ ನಿಲ್ಲಿಸಿದರು. ಬಸುವಿನ ಮೇಲಿನ ಕುಂಕುಮವನ್ನು ಹೆಬ್ಬೆರಳಲ್ಲಿ ಒರೆಸಿ ಅದಕ್ಕೆ ಹಚ್ಚಿದರು. ಅದೇ ಮಾಲೆ ಹಾಕಿದರು. ಅಷ್ಟು ಸಣ್ಣ ಫೋಟೋ ಹೂವಿನೊಳಗೆ ಮುಚ್ಚಿಯೇ ಹೋಯಿತು.

"ಹುಚ್ಚ ಹಿಡದೈತೇನ್ರಿ ಕಾಕಾ? ತಗೀರಿ ಅದನ್ನ!" ಎಂದು ಚೀರಿದೆ.

"ನನಗೇನ ಮದವಿ ಐತೇನು? ನಡಿ, ಕಾರ್ಡ ಮಡಚೂಣು" ಅಂದರು.

ಹಬ್ಬ ಮುಗಿದ ಮೇಲಿನ ರವಿವಾರ ರೇಸಿತ್ತು. ಹೋಗಬ್ಯಾಡ ಎಂದು ಬಸುವಿಗೆ ಪರಿಪರಿಯಾಗಿ ಹೇಳಿದೆ. "ಚೆಂಡು ಹೂವಿಗೆ ಅಂಜಿದರ ಹೂಗಾರರು ಹೆಂಗ ಬದುಕಬೇಕಕ್ಕಾ?" ಎಂದು ನಕ್ಕು ಹೊರಟ. ಜೀವ ತಡೆಯದೆ ನಾನೂ ಹೋದೆ. ಕಾಕಾ ಆಗಲೇ ಕ್ಯಾಮೆರಾ ಹಿಡಿದು ಬಂದಿದ್ದರು. ದಿಬ್ಬದ ಮೇಲೆ ಗಾಡಿ ಎದ್ದದ್ದೇ ಮುಂದಿನ ಗಾಲಿ ತಿರುಚಿಕೊಂಡಿತು. ಬಸು ಕೆಳಗೆ, ಗಾಡಿ ಅವನ ಮೇಲೆ. ಮಡ್ಡಿಗೆ ಮಡ್ಡಿಯೇ ಕೂಗಿತು. ಧೂಳು ಇಳಿದಾಗ ನೋಡಿದರೆ ಗಾಡಿ ಒಂದು ಕಡೆ ಬಿದ್ದಿದೆ, ಇವನು ಮಾರು ದೂರದಲ್ಲಿ ಮೈ ಝಾಡಿಸಿಕೊಳ್ಳುತ್ತಿದ್ದಾನೆ. ಒಂದು ತರಚು ಗಾಯವೂ ಇಲ್ಲ.

"ಅಕ್ಕಾ, ಹಿಂದಿನಿಂದ ಯಾರೋ ಕಾಲರ್ ಹಿಡದು ಜಗ್ಗಿದರು" ಎಂದ. ಮುಖ ಬಿಳಿಚಿಕೊಂಡಿತ್ತು. ಹಿಂದೆ ಯಾರೂ ಇರಲಿಲ್ಲ.

ಕಾಕಾನಿಗೆ ಹೇಳೋಣವೆಂದು ತಿರುಗಿದೆ. ಅವರು ಕಲ್ಲಿಗೆ ಬೆನ್ನು ಕೊಟ್ಟು ಕುಳಿತಿದ್ದರು, ತೊಡೆಯ ಮೇಲೆ ಕ್ಯಾಮೆರಾ. ಕಣ್ಣು ತೆರೆದೇ ಇತ್ತು. "ಬಸು ಆರಾಮ ಅದಾನ್ರಿ ಕಾಕಾ" ಎಂದು ಭುಜ ಅಲುಗಾಡಿಸಿದೆ. ಅಷ್ಟರಲ್ಲೇ ಮೈ ತಣ್ಣಗಾಗಿತ್ತು.

ಡಾಕ್ಟರು ಹೃದಯ ನಿಂತದ್ದು ಎಂದರು. ವಯಸ್ಸಾಗಿತ್ತು, ಬಿಸಿಲಿತ್ತು. ಹಾಗೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಅವರ ಸ್ಟುಡಿಯೋದ ಮುಂದೆ ಹಾಯುವಾಗ ಒಳಗೆ ನೋಡುತ್ತಿರಲಿಲ್ಲ.

ಬಸುವಿನ ಲಗ್ನಪತ್ರಿಕೆ ಕೊಡಲು ಹೋದಾಗ ಕಾಕಿ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಅವತ್ತ ಬಾಗಲಾ ಮರಿಗೆ ನಿಂತು ನೋಡೇನವಾ. ಅವರು ತಮ್ಮ ಫೋಟೋಕ್ಕ ಮಾಲಿ ಹಾಕೂವಾಗ 'ಬ್ಯಾಡ್ರಿ' ಅನ್ನೂ ಮಾತು ಬಾಯಿತನಕ ಬಂದಿತ್ತು. ಬಸುನ ಮದವಿ ನೆನಪಾತು. ನುಂಗಿಕೊಂಡೆ."

ಅವರ ಕೈ ಹಿಡಿದುಕೊಂಡು, "ಹೂವಿನಿಂದ ಯಾರಾದರೂ ಸಾಯತಾರೇನ್ರಿ ಕಾಕಿ? ಅದೆಲ್ಲಾ ಸುಳ್ಳು" ಎಂದೆ.

ಕಾಕಿ ನನ್ನ ಮುಖವನ್ನೇ ನೋಡಿದರು. "ಸುಳ್ಳಂತಿಯಾ? ಹಂಗಾದರ ಅವರು ಸುಮ್ಮನ ಹೋದಂಗಾತಲ್ಲವಾ."

"ಇಲ್ರಿ ಕಾಕಿ," ಅಂದೆ. "ಖರೇನ ಐತಿ. ಬಸುನ್ನ ಅವರೇ ಉಳಿಸ್ಯಾರ."