ಮೆಹಂದಿಯ ದಿನ ನಾನು ಕತ್ತರಿಸಿದ ಬ್ರಾಂಚು

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಅಕ್ಷರಗಳ ಗುರುತು ಸಿಗುತ್ತದೆ, ಅದೂ ಅಂಗಡಿ ಬೋರ್ಡು ನೋಡಿ ನೋಡಿ ಕಲಿತದ್ದು. ಅರ್ಥ ಮಾತ್ರ ಕೇಳಬೇಡಿ. ಇಷ್ಟೇ ವಿದ್ಯೆ ಇಟ್ಟುಕೊಂಡು ನಾನು ಒಂದು ಇಡೀ ಬೆಳಿಗ್ಗೆ ಕಂಪ್ಯೂಟರ್ ಆಫೀಸಿನ ಕೆಲಸ ಮಾಡಿದ್ದೇನೆ.

ಕೆಲಸ ನನ್ನದಲ್ಲ, ಮೊಮ್ಮಗಳದು, ನನ್ನ ಮಗನ ಮಗಳದು. ಅವಳು ಮಾರೇನಹಳ್ಳಿಯ ನಮ್ಮ ಮನೆಯ ಮಹಡಿಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕೂರುತ್ತಾಳೆ. ಊಟಕ್ಕೆ ಕರೆದರೆ "ಐದ್ ನಿಮಿಷ ಅಜ್ಜಿ" ಅನ್ನುತ್ತಾಳೆ, ಸಾರು ಆರಿ ತಣ್ಣಗಾದ ಮೇಲೆ ಇಳಿದು ಬರುತ್ತಾಳೆ. ಅವಳ ನಿಶ್ಚಿತಾರ್ಥದ ದಿನವೂ ಹಾಗೇ ಆಯಿತು. ಪುರೋಹಿತರು ಲಗ್ನಪತ್ರಿಕೆ ಓದುತ್ತಿದ್ದರೆ ಇವಳು ಸೆರಗಿನ ಅಡಿಯಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಟಕಟಕ ಅನ್ನಿಸುತ್ತಿದ್ದಳು. ಹುಡುಗನ ತಾಯಿ ಬಗ್ಗಿ ನೋಡಿದರು.

"ಧಾರೆ ಟೈಮಲ್ಲಾದ್ರೂ ಇವಳ ಕೈ ಖಾಲಿ ಇರುತ್ತಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

ಆ ಮಾತು ನನ್ನ ಹೊಟ್ಟೆಯಲ್ಲಿ ಉಳಿಯಿತು. ಮದುವೆಯ ಛತ್ರಕ್ಕೆ ಆ ಲ್ಯಾಪ್‌ಟಾಪು ಕಾಲಿಡಕೂಡದು ಎಂದು ಅವತ್ತೇ ತೀರ್ಮಾನ ಮಾಡಿದೆ.

ಮೆಹಂದಿಯ ದಿನ ಬಂತು. ಮರುದಿನ ಸಂಜೆ ಹೊಸಹಳ್ಳಿಯ ಛತ್ರದಲ್ಲಿ ರಿಸೆಪ್ಷನ್, ಅದರ ಮಾರನೆಯ ಬೆಳಿಗ್ಗೆ ಧಾರೆ. ಮಗ, ಸೊಸೆ ಇಬ್ಬರೂ ಅಡುಗೆ ಸಾಮಾನು ಇಳಿಸಿಕೊಳ್ಳಲು ಛತ್ರಕ್ಕೆ ಹೋಗಿದ್ದರು. ಪಕ್ಕದ ಬೀದಿಯ ಹುಡುಗಿ ಬಂದು ಮೊಮ್ಮಗಳ ಎರಡು ಕೈಗೂ ಮೊಣಕೈವರೆಗೆ ಮೆಹಂದಿ ಹಾಕಿ, "ಸಂಜೆವರ್ಗೂ ಏನೂ ಮುಟ್ಬೇಡಿ ಅಕ್ಕಾ" ಎಂದು ಹೇಳಿ ಹೋದಳು. ಅವಳು ಗೇಟು ದಾಟುವುದಕ್ಕಿಲ್ಲ, ಫೋನು ಬಂತು. ನಾನೇ ಸ್ಪೀಕರ್ ಹಾಕಿ ಹಿಡಿದೆ. ಮೊಮ್ಮಗಳ ಆಫೀಸಿನ ದೊಡ್ಡವನು.

"ನಿಮ್ ಕೆಲಸ ನಿಮ್ ಬ್ರಾಂಚಲ್ಲೇ ಕೂತಿದೆಯಲ್ರೀ, ಮೇನ್‌ಗೆ ಸೇರಿಸೇ ಇಲ್ಲ. ನಿಮ್ ಲ್ಯಾಪ್‌ಟಾಪ್ ಬಿಟ್ರೆ ಇನ್ನೆಲ್ಲೂ ಇಲ್ಲ ಅದು. ಮಧ್ಯಾಹ್ನದೊಳಗೆ ಆಗಲ್ಲ ಅಂದ್ರೆ ಪರ್ವಾಗಿಲ್ಲ, ಮದುವೆಗೆ ಲ್ಯಾಪ್‌ಟಾಪ್ ತಂದ್ಬಿಡಿ. ಮಧ್ಯೆ ಟೈಮ್ ಸಿಕ್ಕಾಗ ಮಾಡಿದ್ರಾಯ್ತು."

ಮಧ್ಯೆ ಅಂತೆ. ಧಾರೆಗೂ ತಾಳಿಗೂ ಮಧ್ಯೆ.

ಮೊಮ್ಮಗಳು ಮಹಡಿ ಹತ್ತಿ ಲ್ಯಾಪ್‌ಟಾಪಿನ ಅಕ್ಷರಗಳನ್ನು ಮೂಗಿನಿಂದ ಒತ್ತಲು ಹೋದಳು. ಒಂದು ಸಲಕ್ಕೆ ಮೂರು ಅಕ್ಷರ ಬಿದ್ದವು. ಮೂಗು ಚಿಕ್ಕದಲ್ಲ ನಮ್ಮ ಮನೆಯವರದು.

"ಅಜ್ಜಿ, ನೀನೇ ಒತ್ತು."

"ನಾನಾ? ಸುಟ್ಟುಹೋದ್ರೆ?"

"ಏನೂ ಸುಡಲ್ಲ ಕಣಜ್ಜಿ. ನಾನ್ ಹೇಳ್ತೀನಿ, ನೀನ್ ಒತ್ತು. ಇಲ್ಲಾಂದ್ರೆ ಛತ್ರಕ್ಕೆ ತಗೊಂಡ್ ಹೋಗ್ಬೇಕಾಗುತ್ತೆ ಅಷ್ಟೆ."

ಕನ್ನಡಕ ಹಾಕಿ ಕುಳಿತೆ. ಕರೀ ಪರದೆ, ಅದರಲ್ಲಿ ಮಿಣುಕುವ ಒಂದು ಕಡ್ಡಿ. ಚಿತ್ರ ಇಲ್ಲ, ಬಣ್ಣ ಇಲ್ಲ. ಇದಕ್ಕಾಗಿ ನನ್ನ ಸಾರು ಆರಿಸಿದಳೇ ಎಂದು ಸಿಟ್ಟು ಬಂತು. ಏನನ್ನೇ ಆಗಲಿ ಬರೆಯುವ ಮೊದಲು ಮೇಲೆ ಶ್ರೀ ಬರೆಯುವುದು ನಮ್ಮ ಮನೆಯ ಪದ್ಧತಿ. ಹಾಲಿನವನಿಗೆ ಚೀಟಿ ಬರೆದರೂ ಶ್ರೀ ಹಾಕುತ್ತೇನೆ. ಹಾಗಾಗಿ ಅವಳು ಬಾಯಿ ತೆರೆಯುವ ಮೊದಲೇ ಒಂದೊಂದೇ ಅಕ್ಷರ ಹುಡುಕಿ ಶ್ರೀ ಒತ್ತಿ ಎಂಟರ್ ಹೊಡೆದೆ. ಪರದೆ ಏನೋ ಗೊಣಗಿತು.

"ಏನಂತೆ?"

"ಅಂಥ ಆಜ್ಞೆ ಗೊತ್ತಿಲ್ಲ ಅಂತೆ."

"ಶ್ರೀ ಗೊತ್ತಿಲ್ವಾ ಇದಕ್ಕೆ? ಇದನ್ನ ಇಟ್ಕೊಂಡು ಉದ್ಧಾರ ಆಗ್ತೀರಾ ನೀವು?"

ಆಮೇಲೆ ಅವಳು ಹೇಳಿದ ಹಾಗೆ ಗಿಟ್ ಬ್ರಾಂಚ್ ಎಂದು ಒತ್ತಿದೆ. ಗಿಟ್ ಅಂದರೆ ಇವರ ಕೆಲಸದ ಲೆಕ್ಕ ಇಡುವ ಪುಸ್ತಕವಂತೆ. ಒತ್ತುವ ಅಕ್ಷರದ ಮಣೆಯ ಮೇಲೆ ಇರುವುದೆಲ್ಲ ದೊಡ್ಡಕ್ಷರ, ಪರದೆಯ ಮೇಲೆ ಬೀಳುವುದೆಲ್ಲ ಚಿಕ್ಕಕ್ಷರ. ಯಾವನು ಮಾಡಿದನೋ. ಎಂಟರ್ ಹೊಡೆದರೆ ಸಾಲಾಗಿ ಹೆಸರುಗಳು ಬಂದವು: ಮೇನ್, ಟೆಸ್ಟ್, ಟೆಸ್ಟ್ ಟೂ, ಫೈನಲ್, ಫೈನಲ್ ಫೈನಲ್, ರಿಪೇರಿ. ರಿಪೇರಿಯ ಪಕ್ಕ ಒಂದು ನಕ್ಷತ್ರ.

"ಇವೆಲ್ಲ ಏನೇ?"

"ಬ್ರಾಂಚು ಅಜ್ಜಿ. ಮೇನ್ ಅನ್ನೋದು ಎಲ್ಲರ್ದೂ. ಅದ್ರಲ್ಲೇ ಕೈ ಹಾಕಿದ್ರೆ ಕೆಟ್ಟೋಗುತ್ತೆ ಅಂತ, ಪಕ್ಕಕ್ಕೆ ಒಂದು ಬ್ರಾಂಚ್ ತಗೊಂಡು ಏನ್ ಬೇಕೋ ಮಾಡೋದು. ಸರಿಹೋದ್ರೆ ಮೇನ್‌ಗೆ ಸೇರ್ಸೋದು. ನಕ್ಷತ್ರ ಇದ್ಯಲ್ಲ, ಈಗ ನಾವಿರೋದು ಅಲ್ಲಿ."

"ದೊಡ್ಡ ಪಾತ್ರೆ ಸಾರಿಗೆ ಉಪ್ಪು ಹಾಕೋ ಮುಂಚೆ ಬಟ್ಟಲಿಗೆ ಬಗ್ಗಿಸ್ಕೊಂಡು ನೋಡ್ತೀವಲ್ಲ, ಹಾಗೆ."

"ಹಾಂ! ಹಾಗೇ."

"ಮತ್ತೆ ಈ ಬಟ್ಟಲುಗಳನ್ನ ಯಾರು ತೊಳೀತಾರೆ? ಟೆಸ್ಟ್ ಅಂತೆ, ಟೆಸ್ಟ್ ಟೂ ಅಂತೆ. ಎಂಜಲು ಬಟ್ಟಲು ಸಾಲಾಗಿ ಇಟ್ಟಿದ್ದೀಯಲ್ಲೇ. ನಾಳಿದ್ದು ಅತ್ತೆ ಮನೆಗೆ ಹೋಗೋಳು."

ನನ್ನ ಬಾಯಿ ಮುಚ್ಚಿಸಲು ಒಂದನ್ನು ಅಳಿಸುವುದು ಹೇಗೆಂದು ತೋರಿಸಿಕೊಟ್ಟಳು. ಗಿಟ್ ಬ್ರಾಂಚ್, ಒಂದು ಅಡ್ಡಗೆರೆ, ಡಿ, ಆಮೇಲೆ ಟೆಸ್ಟ್. ಎಂಟರ್. ಟೆಸ್ಟ್ ಹೋಯಿತು. ನನಗೆ ತುಂಬಾ ಹಿತವಾಯಿತು. ನಂತರ ಗಿಟ್ ಸ್ವಿಚ್ ಮೇನ್ ಎಂದು ಒತ್ತಿಸಿದಳು. ಮತ್ತೆ ಪಟ್ಟಿ ತೆಗೆದು ನೋಡಿದರೆ ನಕ್ಷತ್ರ ಮೇನ್‌ನ ಪಕ್ಕ ಕುಳಿತಿತ್ತು.

ಆಗಲೇ ಬೆಲ್ಲು ಹೊಡೆಯಿತು. ಬ್ಯಾಡರಹಳ್ಳಿಯಿಂದ ನನ್ನ ನಾದಿನಿ, ಅಂದರೆ ನಮ್ಮ ಯಜಮಾನರ ತಂಗಿ, ಆಟೋದಲ್ಲಿ ಬಂದಿಳಿದಿದ್ದಳು. ಮಾಗಡಿ ರೋಡಿನ ಟ್ರಾಫಿಕ್ಕನ್ನು ಬೈಯುತ್ತಿದ್ದದ್ದು ಮಹಡಿಗೇ ಕೇಳಿಸುತ್ತಿತ್ತು. ಮೊಮ್ಮಗಳು ಕೈ ಎರಡನ್ನೂ ಮೇಲೆತ್ತಿಕೊಂಡು ಕೆಳಗೆ ಹೋದಳು. ನಾನು ಸುಮ್ಮನೆ ಕೂರುವವಳಲ್ಲ.

ನಾವು ದೊಡ್ಡ ಪಾತ್ರೆಗೆ ಬಂದಾಗಿದೆ, ಅಂದ ಮೇಲೆ ಬಟ್ಟಲಲ್ಲಿದ್ದದ್ದೂ ಸುರಿದಾಗಿದೆ ಎಂದು ನಾನು ಲೆಕ್ಕ ಹಾಕಿದೆ. ಉಳಿದದ್ದು ತೊಳೆಯುವ ಕೆಲಸ. ಟೆಸ್ಟ್ ಟೂ ತೆಗೆದೆ. ಫೈನಲ್ ತೆಗೆದೆ, ಫೈನಲ್ ಫೈನಲ್ಲೂ ಹೋಯಿತು. ರಿಪೇರಿಗೆ ಬಂದಾಗ ಮಾತ್ರ ಪರದೆ ಕೇಳಲಿಲ್ಲ. ಉದ್ದಕ್ಕೆ ಏನೋ ಬರೆಯಿತು. ಅದರ ಕೊನೆಯಲ್ಲಿ ನಾನು ಬರೆದ ಸಾಲನ್ನೇ ಮತ್ತೆ ಬರೆದಿತ್ತು, ಆದರೆ ಚಿಕ್ಕ ಡಿ ಇದ್ದ ಕಡೆ ದೊಡ್ಡ ಡಿ. ಮೇಷ್ಟ್ರು ಸ್ಲೇಟು ತಿದ್ದಿಕೊಡುತ್ತಿದ್ದರಲ್ಲ, ಹಾಗೆ. ನನ್ನ ತಪ್ಪನ್ನು ಎಷ್ಟು ಮರ್ಯಾದೆಯಿಂದ ತಿದ್ದಿತು ಎಂದುಕೊಂಡೆ. ಅದು ತಿದ್ದಿಕೊಟ್ಟ ಹಾಗೇ, ದೊಡ್ಡ ಡಿ ಬೀಳಿಸಲು ಎರಡು ಕೈಯ ಬೆರಳೂ ಬಳಸಿ ಒತ್ತಿದೆ. ರಿಪೇರಿ ಹೋಯಿತು.

ಮೊಮ್ಮಗಳು ನಾದಿನಿಯ ಜೊತೆ ಮೇಲೆ ಬಂದಳು. ಪರದೆ ನೋಡಿದಳು.

"ಅಜ್ಜೀ! ರಿಪೇರಿ ಎಲ್ಲಿ?"

"ಎಲ್ಲಾ ತೊಳ್ದಿಟ್ಟೆ."

"ಇನ್ನೂ ಸೇರ್ಸೇ ಇರ್ಲಿಲ್ಲ ಅಜ್ಜಿ! ಬರೀ ಮೇನ್‌ಗೆ ಬಂದು ನಿಂತಿದ್ವಿ ಅಷ್ಟೆ! ಅದಕ್ಕೇ ಬೇಡ ಅಂತು ಅದು!" ಎಂದವಳೇ ಹಣೆ ಚಚ್ಚಿಕೊಂಡಳು. ಹಸಿ ಮೆಹಂದಿಯ ಕೈಯಲ್ಲಿ. ನಡು ಹಣೆಯ ಮೇಲೆ ಒಂದು ನವಿಲು ಮೂಡಿತು, ಬಾಲ ಹುಬ್ಬಿನವರೆಗೂ.

ನಾದಿನಿ ಮಂಚದ ಮೇಲೆ ಕುಳಿತು ನಕ್ಕಳು. "ಏನ್ ಅತ್ತಿಗೆ, ಈ ವಯಸ್ಸಲ್ಲಿ ಕೆಲಸಕ್ಕೆ ಸೇರಿ ಮೊದಲ್ನೇ ದಿನಾನೇ ಆಫೀಸ್ ಮುಳುಗ್ಸಿದ್ರಾ?"

"ನೀನು ಸೆರಗಲ್ಲಿ ಆ ಹುಡುಗಿ ಹಣೆ ಒರ್ಸು. ಆಮೇಲೆ ನಗು," ಎಂದೆ. ಅವಳು ಒರೆಸಿದಳು. ನವಿಲು ಹರಡಿ ಬಾತುಕೋಳಿಯಾಯಿತು.

ಮೊಮ್ಮಗಳು ಪರದೆಯ ಹತ್ತಿರ ಮೂಗು ತಂದಳು. ಅಳಿಸಿದ ಸಾಲಿನ ಪಕ್ಕದಲ್ಲೇ ಅಕ್ಷರ, ಅಂಕಿ ಕಲಸಿದ ಒಂದು ಗುರುತು ಇತ್ತು, ಗಾಡಿಯ ನಂಬರಿನ ಥರ. "ಸದ್ಯ! ಇದಿದ್ರೆ ಸಾಕು. ಕೆಲಸ ಎಲ್ಲೂ ಹೋಗಿಲ್ಲ, ಹೆಸರು ಮಾತ್ರ ಹೋಗಿದೆ. ಗಿಟ್ ಬ್ರಾಂಚ್ ಅಂತ ಒತ್ತಿ, ಒಂದು ಹೆಸರು ಕೊಟ್ಟು, ಈ ಗುರುತು ಬರಿ ಅಜ್ಜಿ."

"ಯಾವ ಹೆಸ್ರು?"

"ಯಾವ್ದಾದ್ರೂ ಕೊಡು."

ಯಾವುದಾದರೂ ಅಂದ ಮೇಲೆ ಇನ್ನೇನು? ಶ್ರೀ ಎಂದು ಒತ್ತಿದೆ. ಈ ಸಲ ಪರದೆ ತೆಪ್ಪಗಿತ್ತು. ಆಮೇಲೆ ಗಿಟ್ ಮರ್ಜ್ ಶ್ರೀ. ಸೇರಿಸಿದ್ದಕ್ಕೆ ನಾಲ್ಕು ಮಾತು ಬರೆಯಿರಿ ಎಂದು ಇನ್ನೊಂದು ಪುಟ ತೆರೆಯಿತು, ಏನು ಮಾಡಿದರೂ ಮುಚ್ಚಲಿಲ್ಲ. ಇವಳು ಹೇಳಿಕೊಟ್ಟ ಮೇಲೆ ಕೊಲನ್, ಡಬ್ಲ್ಯು, ಕ್ಯು ಒತ್ತಿ ಅದರ ಬಾಯಿ ಮುಚ್ಚಿದೆ. ಕೊನೆಗೆ ಗಿಟ್ ಪುಷ್, ಅಂದರೆ ಆಫೀಸಿಗೆ ತಳ್ಳುವುದು. ದೊಡ್ಡವನ ಫೋನು ಬಂತು: ಬಂತು, ಆಯಿತು, ಇನ್ನು ಆರಾಮಾಗಿ ಮದುವೆ ಮಾಡಿಕೊಳ್ಳಿ ಎಂದ. ಅಪ್ಪಣೆ ಸಿಕ್ಕ ಹಾಗಾಯಿತು. ಅವಳು ಇನ್ನೊಂದು ಮಾತು ಆಡುವ ಮೊದಲು ಲ್ಯಾಪ್‌ಟಾಪು ಮಡಚಿ ನನ್ನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿಟ್ಟು ಬೀಗ ಹಾಕಿದೆ. ಕೀ ಸೊಂಟಕ್ಕೆ.

ಹಣೆಯ ಬಾತುಕೋಳಿ ಹೋಗಲಿಲ್ಲ. ಮೆಹಂದಿ ಬಹಳ ಚೆನ್ನಾಗಿ ಹಿಡಿದಿತ್ತು, ಕೈಗಿಂತ ಹಣೆಗೆ ಜಾಸ್ತಿ. ರಿಸೆಪ್ಷನ್ನಿನಲ್ಲಿ ಅಗಲವಾದ ಬೈತಲೆ ಬೊಟ್ಟು ಇಳಿಬಿಟ್ಟರು. ಧಾರೆಗೆ ಹೇಗೂ ಬಾಸಿಂಗ ಕಟ್ಟಿದ್ದರು, ಯಾರಿಗೂ ಕಾಣಲಿಲ್ಲ. ಎರಡು ಕೈಯೂ ಖಾಲಿ ಹಿಡಿದು ನಿಂತಿದ್ದಳು. ಹುಡುಗನ ತಾಯಿ ಕೈ ನೋಡಿದರು, ಆಮೇಲೆ ನನ್ನನ್ನೂ ನೋಡಿದರು.

ಊಟದ ಹೊತ್ತಿಗೆ ಆಫೀಸಿನ ದೊಡ್ಡವನು ಬಂದ. ದೊಡ್ಡವನು ಅಂದರೆ ನಮ್ಮ ಮೊಮ್ಮಗಳಿಗಿಂತ ಸಣ್ಣ ಮುಖ, ಮೀಸೆ ಸರಿಯಾಗಿ ಬಂದಿಲ್ಲ. ಮೊಮ್ಮಗಳನ್ನು ಕೇಳಿದ, "ಮೇನ್‌ಗೆ ಶ್ರೀ ಅಂತ ಒಂದು ಸೇರಿದೆಯಲ್ಲ, ಯಾರದು? ಹೊಸಬರಾ?"

ಅವಳು ಬಾಸಿಂಗದ ಕೆಳಗಿಂದ ನನ್ನ ಕಡೆ ಕಣ್ಣು ತೋರಿಸಿದಳು.

"ಆಂಟಿ, ನೀವಾ?" ಎಂದು ಹಲ್ಲು ಬಿಟ್ಟ. ಬಿಟ್ಟ ಹಲ್ಲು ಮುಚ್ಚದೆಯೇ ದನಿ ತಗ್ಗಿಸಿದ: "ಆಂಟಿ, ಒಂದೇ ಒಂದು ಸಣ್ಣ ವಿಷಯ ಉಳಿದಿದೆ. ಅವರು ಲ್ಯಾಪ್‌ಟಾಪ್ ಏನಾದ್ರೂ ತಂದಿದ್ದಾರಾ?"

"ಬೀರುವಿನಲ್ಲಿದೆ. ಕೀ ನನ್ ಹತ್ರ ಇದೆ," ಎಂದೆ. "ಎರಡನೇ ಪಂಕ್ತಿಗೆ ಎಲೆ ಹಾಕ್ತಾ ಇದಾರೆ. ಹೋಗು, ಹೋಳಿಗೆ ಆರೋಗುತ್ತೆ."