ಪಾಸ್ಟರರ ಅರ್ಧ ಊಟ

ಬಂಗುಡೆ ಮೀನಿನ ಹೊಟ್ಟೆ ಸೀಳಿ ಕೈಯೆಲ್ಲ ರಕ್ತ ಮಾಡಿಕೊಂಡಿದ್ದಾಗಲೇ ಫೋನ್ ಬರಬೇಕೆ? ಗಲ್ಫಿನ ಖೈತಾನ್ ಪೇಟೆಯ ಈ ಅಡುಗೆಮನೆಯಲ್ಲಿ ಕೈ ಒಣಗಿದ್ದಾಗ ನನಗೊಂದು ಫೋನ್ ಬಂದದ್ದಿಲ್ಲ. ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಅಮೆರಿಕದಿಂದ ಪಾಸ್ಟರರ ಹೆಂಡತಿ.

"ಅವರು ನಿವೃತ್ತರಾದರು. ಮನೆಗೆ ಬಂದು ತಿಂಗಳಾಯಿತು."

ದೇವರಿಗೆ ಸ್ತೋತ್ರ ಎಂದೆ. ಆಕೆಯ ಸ್ವರದಲ್ಲಿ ಮಾತ್ರ ಸಂತೋಷವಿರಲಿಲ್ಲ.

ಈ ಪಾಸ್ಟರರ ವಿಷಯ ನಿಮಗೆ ಹೇಳಬೇಕು. ಲೂಥರನ್ ಸಭೆಯವರು, ಅಮೆರಿಕದ ಸೈನಿಕರಿಗೆ ಪಾದ್ರಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಸಮವಸ್ತ್ರ ತೊಟ್ಟರೂ ಬಂದೂಕು ಹಿಡಿದವರಲ್ಲ. ಯುದ್ಧಕ್ಕೆ ಹೋಗುವವರ ಜೊತೆ ಹೋಗುವುದು, ಸಾಯುವವರ ಕೈ ಹಿಡಿಯುವುದು, ಆಮೇಲೆ ಅವರ ತಾಯಂದಿರಿಗೆ ಪತ್ರ ಬರೆಯುವುದು. ಇಲ್ಲಿನ ಅಮೆರಿಕನ್ ಸೇನಾ ಕ್ಯಾಂಪಿಗೆ ಮೂರು ಸಲ ಬಂದರು. ನಮ್ಮ ಯಜಮಾನರಿಗೆ ಅಲ್ಲಿನ ಲಾಂಡ್ರಿಯಲ್ಲಿ ಕೆಲಸ. ಇವರು ಇಸ್ತ್ರಿ ಮಾಡುತ್ತ ನಮ್ಮ ಮಂಗಳೂರಿನ ಕನ್ನಡ ಕೀರ್ತನೆಯೊಂದನ್ನು ಗುನುಗುತ್ತಿದ್ದರೆ, "ಇದು ನನ್ನ ಅಜ್ಜಿ ಜರ್ಮನ್ ಭಾಷೆಯಲ್ಲಿ ಹಾಡುತ್ತಿದ್ದ ರಾಗ" ಎಂದು ಪಾಸ್ಟರರು ನಿಂತುಬಿಟ್ಟರಂತೆ. ನಮ್ಮ ಹಿರಿಯರಿಗೆ ಅದನ್ನು ಕಲಿಸಿದ್ದೂ ಜರ್ಮನ್ ಮಿಷನರಿಗಳೇ ತಾನೆ!

ಅಲ್ಲಿಂದ ಶುರು. ಇಲ್ಲಿ ವಾರದ ರಜೆ ಶುಕ್ರವಾರ; ಅಂದು ಅನುಮತಿ ಸಿಕ್ಕಾಗ ಆರಾಧನೆ ಮುಗಿಸಿ ನಮ್ಮಲ್ಲಿಗೆ ಊಟಕ್ಕೆ. ಬಂದರೇನು? ಒಂದು ದಿನವೂ ಪೂರ್ತಿ ಉಂಡವರಲ್ಲ. ಕೋರಿರೊಟ್ಟಿಯ ಮೇಲೆ ಕೋಳಿ ಸಾರು ಹೊಯ್ದು ರೊಟ್ಟಿ ಮೆತ್ತಗಾಗುವಷ್ಟರಲ್ಲಿ ಫೋನ್. ಯಾವನೋ ಸೈನಿಕ ಅಳುತ್ತಿದ್ದಾನೆ. ಎದ್ದೇಬಿಟ್ಟರು.

"ಅಲ್ಲ ಪಾಸ್ಟರೇ, ಇನ್ನೆರಡು ತುತ್ತು ತಿಂದ್ರೆ ಅವನು ಓಡಿ ಹೋಗ್ತಾನಾ?" ನನ್ನ ಹರಕು ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ.

"ಓಡಿ ಹೋದರೆ ಒಳ್ಳೆಯದೇ. ಜೀವಕ್ಕೇ ಏನಾದರೂ ಮಾಡಿಕೊಂಡರೆ?"

"ನೀನು ಸುಮ್ಮನಿರು ಮಾರಾಯ್ತಿ, ಅವರ ಕೆಲಸವೇ ಅದಲ್ವಾ," ನಮ್ಮವರು.

ಸುಮ್ಮನೆ ಹೇಗಿರಲಿ? ಉಳಿದದ್ದನ್ನು ಸ್ಟೀಲ್ ಡಬ್ಬಿಗೆ ತುಂಬಿ ಕೈಗೆ ತುರುಕುತ್ತಿದ್ದೆ. ಡಬ್ಬಿ ಒಂದೂ ವಾಪಸ್ ಬರಲಿಲ್ಲ. ಏಳು ಡಬ್ಬಿ, ಅಮ್ಮ ಊರಿಂದ ಕಳಿಸಿದ್ದು! ಪ್ರಾರ್ಥನೆಯಲ್ಲಿ ಪಾಸ್ಟರರ ಹೆಸರೆತ್ತುವಾಗಲೂ ಡಬ್ಬಿ ನೆನಪಾಗುತ್ತಿತ್ತು, ದೇವರು ಕ್ಷಮಿಸಲಿ.

"ಈಗಲೂ ಊಟದ ಮಧ್ಯೆ ಎದ್ದುಬಿಡುತ್ತಾರೆ," ಎಂದರು ಫೋನಿನಲ್ಲಿ ಅವರ ಹೆಂಡತಿ. "ಫೋನೇ ಬಂದಿರುವುದಿಲ್ಲ. ಬಾಗಿಲ ಹತ್ತಿರ ನಿಲ್ಲುತ್ತಾರೆ. ಕರೆದರೂ ಬರುವುದಿಲ್ಲ. ಸೊರಗಿದ್ದಾರೆ. ನಿಮ್ಮಲ್ಲಿ ಎದ್ದಾಗ ನೀವೇನು ಮಾಡುತ್ತಿದ್ದಿರಿ?"

"ಏನು ಮಾಡುವುದು, ಬೈಯುತ್ತಿದ್ದೆ." ಆಮೇಲೆ ಡಬ್ಬಿಯ ವಿಷಯವನ್ನೂ ಹೇಳಿದೆ.

ಎಷ್ಟು ಡಬ್ಬಿ ಎಂದು ಆಕೆ ಕೇಳಿದರು, ಏಳು ಎಂದೆ.

"ಅವರ ಪೆಟ್ಟಿಗೆಯಲ್ಲಿ ಏಳಿದ್ದವು. ತೊಳೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಕಳಿಸಲೇ?"

ಇಷ್ಟು ವರ್ಷ ಸಾಕಿದ ಸಿಟ್ಟನ್ನು ಈಗ ಎಲ್ಲಿ ಇಡಲಿ?

"ಬೇಡ. ಇನ್ನು ಎದ್ದರೆ ಕರೆಯಬೇಡಿ. ಉಳಿದದ್ದು ಆ ಡಬ್ಬಿಗೆ ಹಾಕಿ ಬಾಗಿಲಿಗೇ ತಕೊಂಡು ಹೋಗಿ. ಕೈಯಲ್ಲಿಟ್ಟು ಚೆನ್ನಾಗಿ ಬೈಯಿರಿ."

"ನನಗೆ ಬೈಯಲು ಬರುವುದಿಲ್ಲ."

"ಹಾಗಾದರೆ ನನಗೆ ಫೋನ್ ಮಾಡಿ."

ಕೈ ತೊಳೆದೆ. ಫೋನನ್ನು ಒರೆಸಿ, ಈ ಸಲ ಕೈಗೆಟುಕುವ ಹಾಗೆ ಇಟ್ಟುಕೊಂಡು, ಬಂಗುಡೆಗೆ ಮಸಾಲೆ ಮೆತ್ತಲು ಶುರುಮಾಡಿದೆ.