ಮತ್ತೆ ಕೊಡುತ್ತೇನೆ ಎಂದ ವಿಡಿಯೋ ಗೇಮ್

ಮೊನ್ನೆ ಮೊನ್ನೆಯ ತನಕ, ಈ ಐವತ್ತೇಳನೆಯ ವಯಸ್ಸಿನಲ್ಲಿ, ನಾನು ಬ್ಯಾಗಿನೊಳಗೆ ಕೈ ಹಾಕಿಕೊಂಡು ಕದ್ದು ವಿಡಿಯೋ ಗೇಮ್ ಆಡುತ್ತಿದ್ದೆ. ಶಾಲೆ ಬಿಟ್ಟ ಮೇಲೆ, ನರಿಮೊಗರಿನ ಬಸ್‌ಸ್ಟಾಪಿನಲ್ಲಿ, ಪುತ್ತೂರಿನ ಬಸ್ಸು ಬರುವವರೆಗೆ. ಪಕ್ಕದಲ್ಲಿ ಕೂತವರು ಟೀಚರ್ ಕನ್ನಡಕ ಹುಡುಕುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ಮೊಬೈಲಿನಲ್ಲಿ ಆಡಬಾರದೇ ಎಂದು ನೀವು ಕೇಳಬಹುದು. ಮೊಬೈಲ್ ಕಂಡರೇ ನನಗೆ ಸುಸ್ತು. ಬೆಳಿಗ್ಗೆ ಹಾಜರಿ ಅದರಲ್ಲಿ, ಮಧ್ಯಾಹ್ನ ಊಟಕ್ಕೆ ಕೂತ ಮಕ್ಕಳ ಫೋಟೋ ಅದರಲ್ಲಿ, ಸಂಜೆ 'ಕೂಡಲೇ ಮಾಹಿತಿ ನೀಡಿ' ಎಂಬ ಸಂದೇಶವೂ ಅದರಲ್ಲೇ. ಈ ಬೂದು ಬಣ್ಣದ ಹಳೆಯ ಗೇಮಿನ ಡಬ್ಬಿಗಾದರೋ ಎರಡು ಸೆಲ್ ಹಾಕಿದರೆ ಸಾಕು, ಪಾಸ್‌ವರ್ಡ್ ಕೇಳುವುದಿಲ್ಲ. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ, ತಿರುಗಿಸಿ ಕೂರಿಸಬೇಕು, ಸಾಲು ತುಂಬಿದರೆ ಅದು ಮಾಯ. ಮಾಡಿದ ಕೆಲಸ ಕಣ್ಣೆದುರೇ ಮುಗಿದು ಹೋಗುವುದು ಎಂಥ ಸುಖವೆಂದು ಮೂವತ್ತು ವರ್ಷ ಪಾಠ ಮಾಡಿದ ನನಗೆ ಗೊತ್ತೇ ಇರಲಿಲ್ಲ. ನಮ್ಮ ಇಲಾಖೆಯಲ್ಲಿ ತುಂಬಿದ ಸಾಲನ್ನು ಇನ್ನೊಂದು ನಮೂನೆಯಲ್ಲಿ ಪುನಃ ತುಂಬಿಸಲು ಹೇಳುತ್ತಾರೆ.

ಆದರೆ ಡಬ್ಬಿ ನನ್ನದಲ್ಲ. ಇಪ್ಪತ್ತು ವರ್ಷದ ಹಿಂದೆ, ಇದೇ ಶಾಲೆಯಲ್ಲಿ, ಐದನೆಯ ಕ್ಲಾಸಿನ ಸಮೀರಾ ಪುಸ್ತಕದ ಅಡಿಯಲ್ಲಿಟ್ಟು ಆಡುತ್ತಿದ್ದಾಗ ಕಿತ್ತುಕೊಂಡದ್ದು. ಹುಡುಗಿ ಅತ್ತಳು. "ಮತ್ತೆ ಕೊಡ್ತೇನೆ, ಈಗ ಬರಿ" ಎಂದೆ.

ಘಟ್ಟದ ಮೇಲಿನಿಂದ ಬಂದಿದ್ದ ಹೆಡ್‌ಮಾಸ್ಟರರು ಬಾಗಿಲಲ್ಲಿದ್ದರು. "ಒಂದ್ಸಲನೂ ಕೊಟ್ಟಿಲ್ಲ, ಮತ್ತೆ ಹೆಂಗ್ ಕೊಡ್ತೀರಿ ಟೀಚರ್?" ಎಂದು ನಕ್ಕರು. ಅವರಲ್ಲಿ 'ಮತ್ತೆ' ಎಂದರೆ ಇನ್ನೊಮ್ಮೆ, ನಮ್ಮಲ್ಲಿ ಆಮೇಲೆ. ಹಳಗನ್ನಡದ 'ಮತ್ತಂ'ಗೂ ಇಷ್ಟು ಉದಾಸೀನ ಇದ್ದಿರಲಾರದು. ನಮ್ಮ 'ಮತ್ತೆ'ಗೆ ಗಡುವೆಂಬುದೇ ಇಲ್ಲ. ನನ್ನ ಮೊಣಕಾಲಿನ ಔಷಧಿ, ತವರಿಗೆ ಹೋಗಿ ನಾಲ್ಕು ದಿನ ಮಲಗುವುದು, ಎಲ್ಲವನ್ನೂ ನಾನು ಅದರೊಳಗೇ ಇಟ್ಟಿದ್ದೇನೆ. ಸಮೀರಾ ಮಾತ್ರ ಆ ಮಾತನ್ನು ನಂಬಿದಳು. ದಿನಾ ಬಂದು, "ಟೀಚರ್, ಈಗ ಮತ್ತೆ ಆಯ್ತಾ?" ಎಂದು ಕೇಳುತ್ತಿದ್ದಳು.

ಆಗಲಿಲ್ಲ. ಆ ರಜೆಯಲ್ಲಿ ನನಗೆ ವರ್ಗವಾಯಿತು, ಸಾಮಾನಿನೊಟ್ಟಿಗೆ ಡಬ್ಬಿಯೂ ಬಂತು. ಕಡಬ, ಸುಳ್ಯ ಎಲ್ಲ ಸುತ್ತಿ ಹೋದ ವರ್ಷ ಇಲ್ಲಿಗೇ ಮರಳಿದಾಗ ಕಪಾಟಿನ ಮೂಲೆಯಲ್ಲಿ ಸಿಕ್ಕಿತು. ಹೊಸ ಸೆಲ್ ಹಾಕಿದೆ, ಜೀವ ಬಂತು. ಸಮೀರಾಳನ್ನು ಆಗಲೇ ಹುಡುಕಬೇಕಿತ್ತು. ಒಂದು ಆಟ ಆಡಿ ಮತ್ತೆ ಹುಡುಕೋಣ ಎಂದುಕೊಂಡೆ.

ಈ ಜೂನ್‌ನಲ್ಲಿ ಅವಳೇ ಬಂದಳು, ಮಗಳನ್ನು ಒಂದನೆಯ ಕ್ಲಾಸಿಗೆ ಸೇರಿಸಲು. ನಾನು ಬ್ಯಾಗಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅಪ್ಪ ದುಬೈಯಿಂದ ತಂದದ್ದು ಟೀಚರ್. ಅವರಿಗೆ ಎರಡೇ ತಿಂಗಳು ರಜೆ. ನಾನು ಶಾಲೆಗೆ ತಂದ ಕಾರಣ ನಮಗೆ ಒಟ್ಟಿಗೆ ಆಡ್ಲಿಕ್ಕೇ ಆಗ್ಲಿಲ್ಲ. ನಂದೇ ತಪ್ಪು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷ ಈ ಹುಡುಗಿ ನನ್ನ ತಪ್ಪನ್ನು ತನ್ನದೆಂದು ಹೊತ್ತುಕೊಂಡಿದ್ದಾಳೆ. ನನಗೆ ಬಹಳ ನಾಚಿಕೆಯಾಯಿತು. "ತಪ್ಪು ನಿಂದಲ್ಲ, ನಂದು" ಎಂದೆ. ವಿದ್ಯಾರ್ಥಿಯೊಬ್ಬಳ ಎದುರು ಈ ವಾಕ್ಯ ಹೇಳಿದ್ದು ಇದೇ ಮೊದಲು.

"ಅಪ್ಪ ಈಗ ಎಲ್ಲಿದ್ದಾರೆ?"

"ಇಲ್ಲೇ ಹತ್ತಿರ ಸವಣೂರಿನಲ್ಲಿ, ನಮ್ಮೊಟ್ಟಿಗೆ. ಗಲ್ಫ್ ಬಿಟ್ಟು ಬಂದ್ರು. ಮನೆಯಲ್ಲಿ ಎಂತ ಮಾಡುದು ಅಂತ ಗೊತ್ತಾಗದೆ ಎಲ್ಲರಿಗೂ ಜೋರು ಮಾಡುದು."

"ಹಾಗಾದ್ರೆ ಇವತ್ತೇ ತಕೊಂಡು ಹೋಗು" ಎಂದೆ.

ಅಂದಿನಿಂದ ಬಸ್‌ಸ್ಟಾಪಿನಲ್ಲಿ ಸುಮ್ಮನೆ ಕೂರುತ್ತೇನೆ. ಬಸ್ಸು ಮೊದಲಿಗಿಂತ ತಡವಾಗಿ ಬರುತ್ತಿದೆಯೆಂದು ಅನಿಸುತ್ತದೆ. ವಾರ ಕಳೆದು ಮಗಳನ್ನು ಬಿಡಲು ಬಂದ ಸಮೀರಾಳನ್ನು ಕೇಳಿದೆ, "ಆಡ್ತಾರಾ?"

"ಆಡುದಾ? ಸರದಿಗಾಗಿ ನಮಗಿಬ್ಬರಿಗೂ ದಿನಾ ಲಡಾಯಿ ಟೀಚರ್!" ಅವಳು ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. "ಆದ್ರೆ ಅದರಲ್ಲಿ ಒಂದು ಹೈಸ್ಕೋರ್ ಉಂಟಲ್ಲ, ಸೆಲ್ ತೆಗಿಯುವವರೆಗೆ ಅದು ಅಳಿಯುದಿಲ್ಲ. ಎಷ್ಟು ಆಡಿದ್ರೂ ನಮಗೆ ಅದನ್ನು ದಾಟ್ಲಿಕ್ಕೆ ಆಗುದಿಲ್ಲ. ಅಪ್ಪ ಕೇಳಿದ್ರು, ನಿನ್ನ ಟೀಚರ್ ಪಾಠ ಮಾಡುದು ಯಾವಾಗ ಮಾರಾಯ್ತಿ ಅಂತ."